ಇಂಟರ್‌ಲಾಕ್ ಹಾಕಿದ ಅಂಗಳಕ್ಕೆ ಹಕ್ಕಿ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹೊಸ ಮನೆ ಕಟ್ಟಿ ಮೂರು ವರ್ಷ ಆಯಿತು. ಒಟ್ಟು 30 ಸೆಂಟ್ಸ್ ಜಾಗ. ಮುಂದೆ ಇಂಟರ್‌ಲಾಕ್, ಒಂದು ಬದಿಗೆ ಮೆಕ್ಸಿಕನ್ ಗ್ರಾಸ್, ಸುತ್ತ ಕೆಂಪುಕಲ್ಲಿನ ಕಾಂಪೌಂಡ್. ಹಿಂದೆ ಬಾವಿ, ಐವತ್ತು ಚಿಲ್ಲರೆ ಅಡಿಕೆ ಮರ, ಅದರಾಚೆ ಸ್ವಲ್ಪ ಬರೀ ಪಾರೆ (ಬೋಳು ಕೆಂಪುಕಲ್ಲಿನ ನೆಲ). ಆನ್‌ಲೈನಿನಲ್ಲಿ ಹಕ್ಕಿಗೂಡು ತರಿಸಿ ಸಿಟೌಟಿನಲ್ಲಿ ನೇತುಹಾಕಿದ್ದೇನೆ, ದಿನಾ ಅನ್ನ ಇಡುತ್ತೇನೆ. ಕಾಗೆ ಬಿಟ್ಟರೆ ಏನೂ ಬರುವುದಿಲ್ಲ. ಮಕ್ಕಳಿಗೆ ಹಕ್ಕಿ, ಚಿಟ್ಟೆ ನೋಡುವ ಆಸೆ. ಅಮ್ಮ ಮಾತ್ರ ‘ಕಾಡು ಬೆಳೆಸಿದರೆ ಹಾವು ಬರುತ್ತದೆ’ ಅನ್ನುತ್ತಾರೆ. ಯಾವ ಗಿಡ ನೆಟ್ಟರೆ ಒಳ್ಳೆಯದು?

ಉತ್ತರ: ಗಿಡದ ವಿಷಯ ಆಮೇಲೆ. ಮೊದಲು ಆ ಅನ್ನದ ತಟ್ಟೆ ತೆಗೆದಿಡಿ. ನೀವು ಇಟ್ಟದ್ದು ಹಕ್ಕಿಗೆ ಅಂತಲೇ, ಆದರೆ ಅದು ಕಾಗೆಗೆ ಹೋಟೆಲ್ ತೆರೆದ ಹಾಗೆ ಆಗಿದೆ. ಕಾಗೆ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ದಿನಾ ಹೊತ್ತಿಗೆ ಸರಿಯಾಗಿ ಅನ್ನ ಸಿಗುವ ಕಡೆ ಅವು ಠಿಕಾಣಿ ಹೂಡುತ್ತವೆ, ಠಿಕಾಣಿ ಹೂಡಿದ ಮೇಲೆ ಸುತ್ತಮುತ್ತಲಿನ ಪೊದೆಯನ್ನೆಲ್ಲ ಜಾಲಾಡುತ್ತವೆ, ಪಿಕಳಾರದ ಮೊಟ್ಟೆ ಇರಲಿ ಸೂರಕ್ಕಿಯ ಮರಿ ಇರಲಿ, ಕಣ್ಣಿಗೆ ಬಿದ್ದದ್ದನ್ನು ಬಿಡುವುದಿಲ್ಲ. ಅಂಥಾ ಕಡೆ ಸಣ್ಣ ಹಕ್ಕಿ ಯಾಕೆ ಗೂಡು ಕಟ್ಟಬೇಕು? ಇನ್ನು ಅನ್ನ, ಹಣ್ಣು ಇಡುವ ಮನೆ ಮಂಗಗಳಿಗೆ ಗೊತ್ತಾದರಂತೂ ಮುಗಿಯಿತು. ನಿಮ್ಮ ಕಡೆ ಮಂಗನ ಕಾಟದ ಬಗ್ಗೆ ನಾನು ಹೇಳಬೇಕಾಗಿಲ್ಲ. ಎಳನೀರು ಕುಡಿದು ಬೊಂಡ ಬಿಸಾಡುವವರನ್ನು ನಾವೇ ಕರೆದು ಕೂರಿಸುವುದು ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಹಕ್ಕಿ, ಚಿಟ್ಟೆ ಬರಬೇಕು ಅಂತ ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಅಂಗಳದಲ್ಲಿ ತೂತಾದ ಎಲೆ ಎಷ್ಟಿದೆ? ಜಾಸ್ತಿ ಮಂದಿ ಹೆಮ್ಮೆಯಿಂದ ‘ಒಂದೂ ಇಲ್ಲ’ ಅನ್ನುತ್ತಾರೆ. ಅಲ್ಲೇ ಇರುವುದು ತೊಂದರೆ. ಎಲೆ ತಿನ್ನುವ ಹುಳು ಇಲ್ಲದೆ ಚಿಟ್ಟೆ ಇಲ್ಲ, ಯಾಕೆಂದರೆ ಆ ಹುಳುವೇ ಚಿಟ್ಟೆ. ಹುಳು ಇಲ್ಲದೆ ಹಕ್ಕಿಯೂ ಇಲ್ಲ. ಸೂರಕ್ಕಿ ಹೂವಿನ ಜೇನು ಕುಡಿಯುತ್ತದೆ ನಿಜ, ಆದರೆ ಮರಿಗೆ ತಂದು ಕೊಡುವುದು ಜೇಡ, ಸಣ್ಣ ಹುಳು. ಮಡಿವಾಳ ಹಕ್ಕಿ, ಟುವ್ವಿ ಹಕ್ಕಿ, ಹಣ್ಣು ತಿನ್ನುವ ಪಿಕಳಾರ ಕೂಡ ಮರಿ ಸಾಕುವ ಕಾಲಕ್ಕೆ ಹುಳುವನ್ನೇ ಹುಡುಕಿಕೊಂಡು ಹೋಗುತ್ತವೆ. ನಿಮ್ಮ ಮೆಕ್ಸಿಕನ್ ಗ್ರಾಸ್, ಕಾಂಪೌಂಡಿನ ಉದ್ದಕ್ಕೆ ನೆಡುವ ಫಾಕ್ಸ್‌ಟೈಲ್ ಪಾಮ್, ಕ್ರೋಟನ್ ಇವುಗಳನ್ನು ನಮ್ಮ ಊರಿನ ಹುಳುಗಳು ಹೆಚ್ಚಾಗಿ ಮೂಸಿಯೂ ನೋಡುವುದಿಲ್ಲ. ನೋಡುವುದಕ್ಕೆ ಹಸಿರು. ತಿನ್ನುವವರಿಗೆ ಅಲ್ಲಿ ಊಟ ಇಲ್ಲ.

ಹಾಗಾಗಿ ಗಿಡ ಆರಿಸುವಾಗ ಹೂವು ಚಂದವಾ ಅಂತ ಕೇಳಬೇಡಿ. ಇದರ ಎಲೆ ಯಾರು ತಿನ್ನುತ್ತಾರೆ, ಹಣ್ಣು ಯಾರು ತಿನ್ನುತ್ತಾರೆ ಅಂತ ಕೇಳಿ.

ಸುಲಭದ್ದರಿಂದ ಸುರು ಮಾಡೋಣ. ಕರಿಬೇವು ನಿಮ್ಮಲ್ಲಿ ಇದ್ದೇ ಇರುತ್ತದೆ, ಒಂದು ನಿಂಬೆಯೋ ಕಂಚಿಕಾಯಿಯೋ ಕೂಡ ಇರಬಹುದು. ಅದರ ಎಳೆ ಎಲೆಗಳನ್ನು ಹತ್ತಿರದಿಂದ ನೋಡಿ. ಕಪ್ಪು ಕಂದು ಬಣ್ಣದ, ನಡುವೆ ಬಿಳಿ ಪಟ್ಟೆಯ, ಒದ್ದೆಯಾಗಿ ಹೊಳೆಯುವ ಹಕ್ಕಿ ಹಿಕ್ಕೆ ಬಿದ್ದದ್ದು ಕಾಣಿಸಿದರೆ ಒರೆಸಬೇಡಿ. ಅದು ಹಿಕ್ಕೆ ಅಲ್ಲ, ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಹಕ್ಕಿಯ ಕಣ್ಣು ತಪ್ಪಿಸಲಿಕ್ಕೆ ಅದರ ಉಪಾಯ ಅದು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ವೇಷ ಪೂರ್ತಿ ಬದಲು, ಎಲೆಯದೇ ಹಸಿರು ಬಣ್ಣಕ್ಕೆ ತಿರುಗುತ್ತದೆ. ಆಗ ಮಕ್ಕಳಿಗೆ ಹುಲ್ಲುಕಡ್ಡಿಯಿಂದ ಮೆಲ್ಲ ಬೆನ್ನು ಮುಟ್ಟಲಿಕ್ಕೆ ಹೇಳಿ. ತಲೆಯ ಹಿಂದಿನಿಂದ ಕೆಂಪು ಬಣ್ಣದ, ಎರಡು ಕವಲಿನ ಒಂದು ಕೊಂಬು ಫಕ್ಕನೆ ಹೊರಗೆ ಬರುತ್ತದೆ, ಜೊತೆಗೆ ಒಂದು ಗಾಟು ವಾಸನೆ. ಮಕ್ಕಳು ಒಮ್ಮೆ ಹಾರಿ ಬೀಳುತ್ತಾರೆ, ಆಮೇಲೆ ದಿನಾ ಅದೇ ಕೆಲಸ. (ಒಂದು ಹುಳುವಿಗೆ ಒಂದು ಸಲ ಸಾಕು ಅಂತ ಹೇಳಿಡಿ, ಪಾಪ.) ಮೊಟ್ಟೆಯಿಂದ ಚಿಟ್ಟೆ ಆಗುವುದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟರಲ್ಲಿ ಒಗ್ಗರಣೆಗೆ ನಾಲ್ಕು ಎಲೆ ಕಮ್ಮಿ ಆದೀತು. ಅಮ್ಮನ ಒಪ್ಪಿಗೆ ಬೇಕಿದ್ದರೆ ಎರಡು ಗಿಡ ಇಡಿ, ಒಂದು ಅಡುಗೆಗೆ, ಒಂದು ಚಿಟ್ಟೆಗೆ.

ಎರಡನೆಯದು ಈಶ್ವರಬಳ್ಳಿ. ಸಹ್ಯಾದ್ರಿಯ ಬರ್ಡ್‌ವಿಂಗ್ ಅಂತ ಕೇಳಿದ್ದೀರಲ್ಲ, ಕರ್ನಾಟಕದ ರಾಜ್ಯ ಚಿಟ್ಟೆ, ರೆಕ್ಕೆ ಬಿಚ್ಚಿದರೆ 19 ಸೆಂಟಿಮೀಟರ್ ವರೆಗೂ ಬರುತ್ತದೆ. ಅದು ನಿಮ್ಮ ಕಡೆಯೂ ಇದೆ, ಗಡಿ ಚಿಟ್ಟೆಗೆ ಇಲ್ಲ ನೋಡಿ. ಆ ಚಿಟ್ಟೆ ಮೊಟ್ಟೆ ಇಡುವುದು ಈಶ್ವರಬಳ್ಳಿ ಮತ್ತು ಅದರ ನೆಂಟ ಗಿಡಗಳ ಮೇಲೆ ಮಾತ್ರ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಕೆಂಪು ಹೊಟ್ಟೆಯ ಚಿಟ್ಟೆಗಳದ್ದೂ ಇದೇ ಕಥೆ. ಬಳ್ಳಿಯಲ್ಲಿರುವ ವಿಷ ಹುಳುವಿನ ಮೈಗೆ ಸೇರಿ, ಚಿಟ್ಟೆ ಆದ ಮೇಲೂ ಉಳಿಯುತ್ತದೆ, ಹಾಗಾಗಿ ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ನಿಮ್ಮ ಕರಿಬೇವಿನ ಮಾರ್ಮನ್ ಇದೆಯಲ್ಲ, ಅದರ ಹೆಣ್ಣುಗಳಲ್ಲಿ ಕೆಲವು ಈ ರೋಸ್ ಚಿಟ್ಟೆಗಳ ವೇಷ ಹಾಕಿಕೊಂಡು ಬದುಕುತ್ತವೆ. ಮೈಯಲ್ಲಿ ವಿಷ ಇಲ್ಲ, ಬಣ್ಣ ಮಾತ್ರ. ಎರಡೂ ಗಿಡ ಇದ್ದರೆ ಅಸಲಿ, ನಕಲಿ ಎರಡನ್ನೂ ಒಂದೇ ಅಂಗಳದಲ್ಲಿ ನೋಡಬಹುದು. ನರ್ಸರಿಯಲ್ಲಿ ದೊಡ್ಡ ಹೂವಿನ ವಿದೇಶಿ ಜಾತಿ ತೋರಿಸಿದರೆ ಬೇಡ ಅನ್ನಿ, ನಾಟಿ ಬಳ್ಳಿಯನ್ನೇ ಕೇಳಿ.

ಒಂದು ಮಾತು ಖಡಾಖಂಡಿತವಾಗಿ: ಈಶ್ವರಬಳ್ಳಿಯ ಬೇರನ್ನು ಹಾವು ಕಚ್ಚಿದ್ದಕ್ಕೆ ಅರೆದು ಕುಡಿಸುವ ರೂಢಿ ಹಿಂದೆ ಇತ್ತು, ಈಗಲೂ ಅಲ್ಲಲ್ಲಿ ಹೇಳುತ್ತಾರೆ. ಬೇಡವೇ ಬೇಡ. ಅದರಲ್ಲಿರುವ ಅರಿಸ್ಟೊಲೋಚಿಕ್ ಆಸಿಡ್ ಕಿಡ್ನಿ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಬಳ್ಳಿ ಚಿಟ್ಟೆಗೆ ಇರಲಿ.

ಕೇರಳದ ರಾಜ್ಯ ಚಿಟ್ಟೆ ಬುದ್ಧಮಯೂರಿಗೆ, 2018ರಲ್ಲಿ ಆ ಪಟ್ಟ ಸಿಕ್ಕಿದ್ದು, ಜುಮ್ಮನಕಾಯಿ ಮರ ಬೇಕು. ಮೈತುಂಬಾ ಮುಳ್ಳು, ಎತ್ತರಕ್ಕೆ ಹೋಗುವ ಮರ. 30 ಸೆಂಟ್ಸಿನಲ್ಲಿ ಜಾಗ ಇದ್ದರೆ ಪಾರೆಯ ಬದಿಗೆ ಒಂದು ನೆಡಿ, ಮೀನು ತಿನ್ನುವ ಮನೆಯಾದರೆ ಅದರ ಕಾಯಿ ಸಾರಿಗೂ ಆಯಿತು. ನನ್ನಾರಿ ಬಳ್ಳಿ ಬೇಲಿಗೆ ಹಬ್ಬಿದ್ದರೆ ಕೀಳಬೇಡಿ, ಕಾಮನ್ ಕ್ರೋ ಚಿಟ್ಟೆಯ ಮರಿ ಅದನ್ನು ತಿನ್ನುತ್ತದೆ, ಅದರ ಕೋಶ ಬೆಳ್ಳಿ ಬಣ್ಣಕ್ಕೆ ಹೊಳೆಯುವುದನ್ನು ಮಕ್ಕಳು ನೋಡಲೇಬೇಕು. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಬರುತ್ತದೆ. ಗಿಲಿಗಿಚ್ಚಿ ಗಿಡ ಒಣಗಿದರೂ ಅಲ್ಲೇ ಇರಲಿ, ಬ್ಲೂ ಟೈಗರ್ ಚಿಟ್ಟೆಗಳ ಗಂಡುಗಳು ಒಣಗಿದ ಗಿಡಕ್ಕೇ ಮುತ್ತಿಕೊಳ್ಳುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ಸಾಮಾನು ಅವಕ್ಕೆ ಅಲ್ಲಿ ಸಿಗುತ್ತದೆ.

ಇನ್ನು ಹಕ್ಕಿಗೆ. ನನ್ನ ಮೊದಲ ಆಯ್ಕೆ ಕೇಪಳ, ಅದೂ ನರ್ಸರಿಯ ಕುಳ್ಳ ಹೈಬ್ರಿಡ್ ಅಲ್ಲ, ಗುಡ್ಡೆಯಲ್ಲಿ ತಾನಾಗಿ ಬೆಳೆಯುವ ಕೆಂಪು ಕೇಪಳ. ಮುರಕಲ್ಲಿನ ಸಂದಿಯಲ್ಲೂ ಬದುಕುತ್ತದೆ, ನೀರು ಕೇಳುವುದಿಲ್ಲ, ವರ್ಷದ ಹೆಚ್ಚಿನ ಕಾಲ ಹೂ ಇರುತ್ತದೆ, ದೇವರಿಗೂ ಆಯಿತು ಚಿಟ್ಟೆಗೂ ಆಯಿತು. ಹಣ್ಣು ಪಿಕಳಾರಕ್ಕೆ, ಮಕ್ಕಳಿಗೆ. ಅದರ ಪೊದೆ ಒತ್ತಾಗಿ ಬೆಳೆದರೆ ಪಿಕಳಾರ ಸೊಂಟದ ಎತ್ತರದಲ್ಲೇ ಬಟ್ಟಲಿನ ಆಕಾರದ ಗೂಡು ಕಟ್ಟುತ್ತದೆ. ಇದರ ಜೊತೆಗೆ ನೆಕ್ಕರಿಕ, ಕುಂಟುನೇರಳೆ. ಇವನ್ನು ಕಾಂಪೌಂಡಿನ ಒಳಬದಿಗೆ ಸಾಲಾಗಿ ನೆಟ್ಟು, ಕತ್ತರಿಸಿ ಚೌಕ ಮಾಡದೆ ಬಿಟ್ಟರೆ ಅದೇ ನಿಮ್ಮ ಬೇಲಿ. ದೊಡ್ಡ ಮರಕ್ಕೆ ರೆಂಜೆ, ಪುನರ್ಪುಳಿ ಸಾಕು. ಗೋಳಿ ಬೇಡ. ಕುಟ್ರು, ಮಂಗಟ್ಟೆ ಹಕ್ಕಿಗಳಿಗೆ ಗೋಳಿಹಣ್ಣಿನಷ್ಟು ಪ್ರೀತಿ ಬೇರೆ ಇಲ್ಲ, ಆದರೆ ಅದರ ಬೇರು ನಿಮ್ಮ ಬಾವಿಯ ಕಟ್ಟೆಯನ್ನು ಬಿಡುವುದಿಲ್ಲ. ಉಪ್ಪಳಿಗೆ ಮರ ತಾನಾಗಿ ಹುಟ್ಟಿದ್ದರೆ ‘ಉಪಯೋಗಕ್ಕಿಲ್ಲದ ಮರ’ ಅಂತ ಕಡಿಯಬೇಡಿ, ಬೇಗ ಬೆಳೆಯುತ್ತದೆ, ಹಣ್ಣಿಗೆ ಹಕ್ಕಿ ಬರುತ್ತದೆ.

ಮಾವಿನ ಮರದಲ್ಲಿ ಬಂದಳಿಕೆ ಇದೆಯಾ? ಮರವನ್ನೇ ಮುಚ್ಚುವಷ್ಟು ಇದ್ದರೆ ತೆಗೆಯಬೇಕು, ಇಲ್ಲದಿದ್ದರೆ ಮಾವು ಸೊರಗುತ್ತದೆ. ಒಂದೆರಡು ಹಿಂಡು ಮಾತ್ರ ಇದ್ದರೆ ಇರಲಿ ಬಿಡಿ. ನಮ್ಮ ಹಕ್ಕಿಗಳಲ್ಲೇ ತೀರಾ ಪುಟ್ಟದಾದ ಬದನಿಕೆ ಹಕ್ಕಿ ಅದರ ಹಣ್ಣಿಗೇ ಬದುಕುವುದು. ಬೀಜ ಅಂಟು ಅಂಟು, ಹೊರಗೆ ಹಾಕಲಿಕ್ಕೆ ಹಕ್ಕಿ ಹಿಂಭಾಗವನ್ನು ಕೊಂಬೆಗೆ ಉಜ್ಜುತ್ತದೆ, ಬಂದಳಿಕೆಗೆ ಬೇಕಾದ್ದೂ ಅದೇ. ಕಾಮನ್ ಜೆಝೆಬೆಲ್ ಎಂಬ ಹಳದಿ ಕೆಂಪು ಚಿಟ್ಟೆಯ ಹುಳುವೂ ಅದೇ ಎಲೆ ತಿಂದು ಬೆಳೆಯುತ್ತದೆ.

ನೆಡುವುದು ಯಾವಾಗ ಅಂದರೆ ಪತ್ತನಾಜೆ (ಮೇ ಕೊನೆಯ ಹೊತ್ತು) ಕಳೆದು ಮಳೆ ಹಿಡಿದ ಮೇಲೆ. ಅದಕ್ಕೆ ಮುಂಚೆ ಬೇಸಿಗೆಯಲ್ಲಿ ಇಂಟರ್‌ಲಾಕಿನ ಕೆಲಸ ಮುಗಿಸಿ. ಎಲ್ಲ ಕೀಳಿ ಅಂತ ಹೇಳುವುದಿಲ್ಲ, ಅಷ್ಟು ದುಡ್ಡು ಹಾಕಿದ್ದೀರಿ, ಮದುವೆ ಮುಂಜಿಗೆ ಚಪ್ಪರ ಹಾಕಲಿಕ್ಕೂ ಬೇಕು. ಕಾಂಪೌಂಡಿನ ಬುಡಕ್ಕೆ ತಾಗಿ ಮೂರು ಅಡಿ ಅಗಲದ ಪಟ್ಟಿಯನ್ನು ಮಾತ್ರ ಕಿತ್ತು ತೆಗೆಯಿರಿ. ಆ ಬ್ಲಾಕುಗಳ ಕೆಳಗೆ ಜಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ, ಅದನ್ನೂ ತೆಗೆದು, ಒಂದೂವರೆ ಎರಡು ಅಡಿ ಅಗೆದು ಸೊಪ್ಪು, ಹಟ್ಟಿಗೊಬ್ಬರ, ಮೇಲ್ಮಣ್ಣು ತುಂಬಿಸಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ನಿಮ್ಮದು, ಆದರೂ ಮಾರ್ಚ್ ಏಪ್ರಿಲಿಗೆ ಬಾವಿ ತಳ ಕಾಣುತ್ತದೆ ಅಲ್ವಾ? ಆ ಮೂರು ಅಡಿ ಮಣ್ಣು ನೀರನ್ನೂ ಒಂದಿಷ್ಟು ಇಂಗಿಸೀತು.

ಕಾಂಪೌಂಡಿಗೆ ಸಾರಣೆ ಮಾಡಿಸಿಲ್ಲ ಅಂತ ನಿಮ್ಮ ಪತ್ರದಿಂದ ಅಂದಾಜು ಮಾಡಿದ್ದೇನೆ. ಮಾಡಿಸಲೂ ಬೇಡಿ. ಮುರಕಲ್ಲಿನ ತೂತು, ಸಂದಿಗಳಲ್ಲಿ ಮುಜಂಟಿ ಜೇನು ಸಂಸಾರ ಹೂಡುತ್ತದೆ, ಅದಕ್ಕೆ ಚುಚ್ಚುವ ಮುಳ್ಳಿಲ್ಲ, ಮಕ್ಕಳಿರುವ ಮನೆಗೂ ಅಡ್ಡಿಯಿಲ್ಲ. ಹಾವುರಾಣಿ, ಕಪ್ಪೆ, ಹಲ್ಲಿ ಎಲ್ಲದಕ್ಕೂ ಅಲ್ಲೇ ಮನೆ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ನೀರು ಹೋಗುವ ತೂತು ಇದ್ದರೆ ಕಪ್ಪೆ, ಮುಂಗುಸಿ ಓಡಾಡಲಿಕ್ಕೂ ಆಯಿತು.

ಹಿಂದಿನ ತೋಟಕ್ಕೆ ಬರೋಣ, ಯಾಕೆಂದರೆ ನಿಮ್ಮ ಜಾಗದಲ್ಲಿ ಅತಿ ಹೆಚ್ಚು ಜೀವ ಇರಬಹುದಾದದ್ದು ಅಲ್ಲೇ. ಅಡಿಕೆ ಬುಡಕ್ಕೆ ಕಳೆನಾಶಕ ಹೊಡೆಸುತ್ತಿದ್ದರೆ ನಿಲ್ಲಿಸಿ. ಹುಲ್ಲು ಜಾಸ್ತಿಯಾದರೆ ಮೆಷಿನಿನಲ್ಲಿ ಕತ್ತರಿಸಿ ಅಲ್ಲೇ ಬಿಡಿ. ಬಿದ್ದ ಸೋಗೆ, ದರಗು (ಒಣಗಿದ ಎಲೆ) ಗುಡಿಸಿ ಬೆಂಕಿ ಹಾಕಬೇಡಿ. ನವೆಂಬರಿನಿಂದ ಮಾರ್ಚ್ ತನಕ ಒಂದು ಅತಿಥಿ ಬರಲಿಕ್ಕಿದೆ, ನವರಂಗ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಇಲ್ಲಿಗೆ ಇಳಿಯುವ ಹಕ್ಕಿ. ಬಾಲ ಗಿಡ್ಡ, ಹೊಟ್ಟೆಯ ಕೆಳಗೆ ಕೆಂಪು, ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ. ಇಷ್ಟೆಲ್ಲ ಬಣ್ಣ ಇದ್ದರೂ ಸುಲಭಕ್ಕೆ ಕಾಣುವುದಿಲ್ಲ, ನೆಲದಲ್ಲೇ ಇರುತ್ತದೆ. ಕುಪ್ಪಳಿಸಿ ಬರುತ್ತದೆ, ಕೊಕ್ಕಿನಿಂದ ಒಂದು ದರಗೆಲೆ ಎತ್ತಿ ಬದಿಗೆ ಎಸೆಯುತ್ತದೆ, ಕೆಳಗಿನ ಹುಳು ಹೆಕ್ಕುತ್ತದೆ, ಮತ್ತೆ ಮುಂದಿನ ಎಲೆ. ಬೆಳಗ್ಗೆ ಬೆಳಕು ಹರಿಯುವಾಗ, ಸಂಜೆ ಮಬ್ಬಿಗೆ ಎರಡೇ ಸ್ವರದ ಸಿಳ್ಳೆ ಕೇಳಿಸಿದರೆ ಅದು ಬಂದಿದೆ ಅಂತ ಲೆಕ್ಕ. ಗುಡಿಸಿದ ತೋಟದಲ್ಲಿ ಅದಕ್ಕೆ ಕೆಲಸವೇ ಇಲ್ಲ. ದರಗಿನ ತೇವದಲ್ಲೇ ಮಿಣುಕು ಹುಳದ ಮರಿಗಳೂ ಇರುವುದು, ಅವು ಬಸವನಹುಳು ತಿಂದು ಬೆಳೆಯುತ್ತವೆ. ಮಳೆಗೆ ಮುಂಚಿನ ವಾರಗಳಲ್ಲಿ ಹಾರುವ ಮಿಣುಕು ಹುಳಗಳಿಗೆ ಕತ್ತಲೆ ಬೇಕು, ಬೆಳಕಿನ ಮಿಣುಕಿನಿಂದಲೇ ಗಂಡು ಹೆಣ್ಣು ಪರಸ್ಪರ ಹುಡುಕುವುದು. ಗೇಟಿನ ಮೇಲೆ ರಾತ್ರಿಯಿಡೀ ಉರಿಯುವ ಎಲ್‌ಇಡಿ ಫ್ಲಡ್‌ಲೈಟ್ ಇದ್ದರೆ ಆ ದಿನಗಳಲ್ಲಾದರೂ ಆರಿಸಿ.

ಮದ್ದು ಬಿಡುವುದರ ಬಗ್ಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡಲೇಬೇಕು, ಅದು ನನಗೂ ಗೊತ್ತು. ಮಳೆಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ, ಶೇಕಡ 1ರ ದ್ರಾವಣ. ಆದರೆ ಮೈಲುತುತ್ತಿನ ತಾಮ್ರ ಮೀನಿಗೂ ಗೊದಮೊಟ್ಟೆಗೂ ವಿಷ. ಡ್ರಮ್ಮು, ಪಂಪು, ಪೈಪು ತೊಳೆದ ನೀರು ತೋಡಿಗೋ ಮದಕಕ್ಕೋ ಹೋಗದ ಹಾಗೆ ನೋಡಿಕೊಳ್ಳಿ. ತರಕಾರಿಗೆ ಬೇವಿನೆಣ್ಣೆ ಹೊಡೆಯುವವರು ‘ಸಾವಯವ, ಏನಾಗುವುದಿಲ್ಲ’ ಅನ್ನುತ್ತಾರೆ. ಹುಳುವಿಗೆ ಅದೂ ವಿಷವೇ, ಅದಕ್ಕೇ ಅಲ್ವಾ ಹೊಡೆಯುವುದು? ಬದನೆ, ಅಲಸಂಡೆಗೆ ಬೇಕಾದರೆ ಹೊಡೆಯಿರಿ, ಕರಿಬೇವು, ಈಶ್ವರಬಳ್ಳಿಯ ಹತ್ತಿರ ತರಬೇಡಿ. ಇಲಿಪಾಷಾಣ ಇಡಲೇಬೇಡಿ. ವಿಷ ತಿಂದು ಓಲಾಡುವ ಇಲಿಯನ್ನು ಗೂಬೆ ಹಿಡಿದರೆ ಗೂಬೆಯೂ ಸಾಯುತ್ತದೆ, ಆಮೇಲೆ ಇಲಿ ಹಿಡಿಯಲಿಕ್ಕೆ ಯಾರೂ ಇಲ್ಲ. ವಿಷದ ವಿಷಯ ನಿಮ್ಮ ಕಡೆಯವರಿಗೆ ಜಾಸ್ತಿ ಹೇಳಲಿಕ್ಕೆ ನನಗೆ ಸಂಕೋಚ. 1970ರ ದಶಕದ ಕೊನೆಯಿಂದ 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿದ್ದು, ಆದರೂ ಮನೆ ಮನೆಗಳಲ್ಲಿ ಉಳಿದ ಸಂಕಟ, ಎಣ್ಮಕಜೆ ಕಡೆಯ ಯಾರನ್ನಾದರೂ ಕೇಳಿ.

ಈಗ ಅಮ್ಮನ ಹಾವು. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಕಪ್ಪೆ, ಇಲಿ ಇರುವ ಕಡೆ ಹಾವು ಬರುತ್ತದೆ. ಬರುವುದೇ ಇಲ್ಲ ಅಂತ ನಾನು ಮಾತು ಕೊಟ್ಟರೆ ಅದು ಸುಳ್ಳು. ಆದರೆ ಇಂಟರ್‌ಲಾಕ್ ಹಾಕಿದ ಮನೆಗೂ ಬರುತ್ತದೆ, ಯಾಕೆಂದರೆ ಹಾವಿಗೆ ಬೇಕಾದ್ದು ಗಿಡ ಅಲ್ಲ, ಅಡಗಲಿಕ್ಕೆ ಸಂದಿ ಮತ್ತು ಇಲಿ. ಮನೆಗೆ ತಾಗಿ ಒಟ್ಟಿದ ಸೌದೆ, ತೆಂಗಿನ ಸಿಪ್ಪೆಯ ರಾಶಿ, ಉಳಿದ ಹಂಚು, ಕೋಳಿಗೂಡಿನ ಕೆಳಗೆ ಚೆಲ್ಲಿದ ಕಾಳು, ನಿಮ್ಮ ಆ ಅನ್ನದ ತಟ್ಟೆ, ಇವೇ ಕರೆಯುವುದು. ಹಾಗಾಗಿ ಮನೆಯ ಸುತ್ತ ಹದಿನೈದು ಅಡಿ ಬೋಳಾಗಿ, ಗುಡಿಸಿ ಇಡಿ. ರಾಶಿ ಹಾಕುವುದೆಲ್ಲ ಅದರಾಚೆ. ಪೊದೆ, ದರಗು ಎಲ್ಲ ಕಾಂಪೌಂಡಿನ ಬದಿಗೆ, ತೋಟಕ್ಕೆ. ಬಾಗಿಲ ಕೆಳಗಿನ ಸಂದಿ ಮುಚ್ಚಿ, ಬಚ್ಚಲಿನ ನೀರು ಹೋಗುವ ತೂತಿಗೆ ಜಾಳಿಗೆ ಹಾಕಿ. ರಾತ್ರಿ ಹೊರಗೆ ಟಾರ್ಚ್ ಇಲ್ಲದೆ ಕಾಲಿಡಬೇಡಿ, ದರಗಿಗೆ ಬರಿಗೈ ಹಾಕಬೇಡಿ. ನೆಲದಲ್ಲಿ ಮಲಗುವವರಿದ್ದರೆ ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿಕೊಳ್ಳಲಿ, ಕಡಂಬಳ ಎಂಬ ವಿಷದ ಹಾವು ರಾತ್ರಿಯೇ ಓಡಾಡುವುದು, ಕಚ್ಚಿದ್ದು ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು.

ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಏನೂ ಬೇಡ, ಕೈಕಾಲು ಅಲ್ಲಾಡಿಸದೆ ಸೀದಾ ಎ.ಎಸ್.ವಿ. (ಹಾವಿನ ವಿಷ ಇಳಿಸುವ ಮದ್ದು) ಇರುವ ಆಸ್ಪತ್ರೆಗೆ. ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಆ ಮದ್ದು ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ತೋಟದ ದರಗಿನಲ್ಲಿ ಇರುವ, ಮೂಗಿನ ತುದಿ ಮೇಲೆದ್ದ ಪುಟ್ಟ ಮಂಡಲದ ಹಾವಿಗೆ ಅದು ನಾಟುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಮಾಡಬೇಕಾಗುತ್ತದೆ. ಹಾವನ್ನು ಹಿಡಿಯಲಿಕ್ಕೆ ಹೋಗದೆ, ದೂರದಿಂದ ಫೋಟೋ ಸಿಕ್ಕಿದರೆ ಡಾಕ್ಟರಿಗೆ ತೋರಿಸಿ. ಮನೆಯೊಳಗೆ ಹಾವು ಬಂದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್‌ನಲ್ಲಿ ಹತ್ತಿರದ ತರಬೇತಿ ಪಡೆದವರ ನಂಬರ್ ಸಿಗುತ್ತದೆ. ಮತ್ತೆ ಅಮ್ಮನಿಗೆ ಇದನ್ನೂ ಹೇಳಿ, ನಿಮ್ಮಲ್ಲಿ ಜಾಸ್ತಿ ಕಾಣುವುದು ಕೇರೆಹಾವು, ಅದಕ್ಕೆ ವಿಷ ಇಲ್ಲ, ಇಲಿ ಹಿಡಿಯುವುದರಲ್ಲಿ ಎತ್ತಿದ ಕೈ. ತರವಾಡಿನಲ್ಲಿ (ಕುಟುಂಬದ ಮೂಲಮನೆಯಲ್ಲಿ) ನಾಗಬನ ಇದ್ದರೆ, ಬಳ್ಳಿ ಕಡಿದು ಟೈಲ್ಸ್ ಹಾಕಿಸುವ ಮಾತು ಬಂದಾಗ ನೀವೊಬ್ಬರಾದರೂ ಬೇಡ ಅನ್ನಿ. ನಾಗನಿಗೆ ಗ್ರಾನೈಟ್ ಬೇಕು ಅಂತ ಯಾರು ಹೇಳಿದರೋ ನನಗಂತೂ ಗೊತ್ತಿಲ್ಲ.

ನೀರು ಇಡುವುದು ಡಿಸೆಂಬರಿನಿಂದ ಮೇ ತನಕ, ಅನ್ನಕ್ಕಿಂತ ಅದು ನೂರು ಪಾಲು ಮೇಲು. ಅಗಲ ಬಾಯಿಯ ಮಣ್ಣಿನ ಬೋಗುಣಿ, ಎರಡು ಇಂಚಿಗಿಂತ ಜಾಸ್ತಿ ನೀರು ಬೇಡ, ನಡುವೆ ಒಂದು ಒರಟು ಕಲ್ಲು ಇಟ್ಟರೆ ಜೇನು, ಕಣಜ ಮುಳುಗುವುದಿಲ್ಲ. ಪೊದೆಗೆ ತೀರಾ ತಾಗಿಸಬೇಡಿ, ಬೆಕ್ಕು ಅಡಗಿ ಕೂರುತ್ತದೆ, ಐದಾರು ಅಡಿ ಆಚೆ ಇರಲಿ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬೋಗುಣಿಯ ಅಂಚನ್ನು ತಿಕ್ಕಿ ತೊಳೆಯಿರಿ, ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೇ ಅಂಟಿರುತ್ತದೆ. ಅಂದ ಹಾಗೆ ಮನೆಯ ಬೆಕ್ಕನ್ನು ಬೆಳಗ್ಗೆ ಸಂಜೆ ಒಳಗಿಟ್ಟುಕೊಂಡರೆ ಉಳಿದ ಎಲ್ಲ ಉಪಾಯಗಳಿಗಿಂತ ಜಾಸ್ತಿ ಹಕ್ಕಿ ಉಳಿದಾವು.

ಹಕ್ಕಿಗೂಡು? ಸುಮ್ನೆ ದುಡ್ಡು ದಂಡ ಅಂತ ಹೇಳುವುದಿಲ್ಲ, ಆದರೆ ಪಿಕಳಾರ, ಸೂರಕ್ಕಿ, ಟುವ್ವಿ ಯಾವುದೂ ಪೆಟ್ಟಿಗೆಯೊಳಗೆ ಹೋಗುವುದಿಲ್ಲ. ಮಡಿವಾಳ ಹಕ್ಕಿ ಹೋದೀತು, ಅದಕ್ಕೆ ಬಾಗಿಲು 5 ಸೆಂಟಿಮೀಟರಿನಷ್ಟು ಇರಬೇಕು, ಮುಂದೆ ಕೂರುವ ಕಡ್ಡಿ ಬೇಡ, ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಗಾಳಿಗೆ ತೂಗಾಡದ ಹಾಗೆ ಮರಕ್ಕೆ ಕಟ್ಟಬೇಕು. ತೂಗಾಡುವ ಗೂಡಿಗೆ ಯಾರೂ ಬರುವುದಿಲ್ಲ. ಅದಕ್ಕಿಂತ ಒಳ್ಳೆಯದು ಸತ್ತ ಮರ. ಕುಟ್ರು, ಮರಕುಟಿಕ ಕೊರೆದ ಪೊಟರೆಗೆ ಆಮೇಲೆ ಮೈನಾ, ಗಿಳಿ, ಗೂಬೆ ಒಂದರ ನಂತರ ಒಂದು ಬಾಡಿಗೆಗೆ ಬರುತ್ತವೆ. ಆದರೆ ಹುಷಾರು, ಸತ್ತ ತೆಂಗನ್ನು ಮಾತ್ರ ನಿಲ್ಲಿಸಬೇಡಿ. ಕೊಳೆಯುವ ತೆಂಗಿನಲ್ಲಿ ಕುರುವಾಯಿ ದುಂಬಿ, ಕೆಂಪುಮೂತಿ ಹುಳ ಮರಿ ಮಾಡಿ ಪಕ್ಕದವರ ತೆಂಗಿಗೂ ಹೋಗುತ್ತವೆ. ಕಾಟುಮಾವು, ಹಲಸು, ಉಪ್ಪಳಿಗೆ ಇವುಗಳ ಒಣ ಬುಡವನ್ನು, ಮನೆ ಮೇಲೆ ಬೀಳದ ಕಡೆ ಇದ್ದರೆ, ಉಳಿಸಿ.

ಕೊನೆಗೆ ಆ ಪಾರೆ. ನೀವು ‘ಬರೀ ಪಾರೆ’ ಅಂತ ಬರೆದದ್ದು ನೋಡಿ ನನಗೆ ನಗು ಬಂತು. ನಿಮ್ಮ 30 ಸೆಂಟ್ಸಿನಲ್ಲಿ ನಾನು ಕೈ ಹಾಕದೆ ಬಿಡುವ ಜಾಗ ಅದೊಂದೇ. ಕೆಂಪು ಮಣ್ಣು ತುಂಬಿಸಿ ಗಾರ್ಡನ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮೊದಲ ಮಳೆಗೆ ಅದರ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಒಂದೆರಡು ರಾತ್ರಿ ದೊಡ್ಡ ಕಪ್ಪೆಗಳ ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ, ಕುತ್ತಿಗೆಯ ಎರಡು ಬದಿಗೆ ನೀಲಿ ಚೀಲ ಉಬ್ಬಿಸಿ ಕೂಗುತ್ತವೆ, ಆ ಗಲಾಟೆಗೆ ನಿಮಗೆ ನಿದ್ದೆ ಬರಲಿಕ್ಕಿಲ್ಲ. ಆಗಸ್ಟ್ ಹೊತ್ತಿಗೆ ಬೆರಳುದ್ದದ ಗಿಡಗಳಲ್ಲಿ ನೀಲಿ, ಬಿಳಿ ಹೂವು. ನೀಲಿ ಹೂವಿನದ್ದು ಬೇರಿನ ಬದಲು ಪುಟ್ಟ ಪುಟ್ಟ ಚೀಲ ಇಟ್ಟುಕೊಂಡು ನೀರಿನ ಸೂಕ್ಷ್ಮ ಹುಳುಗಳನ್ನು ಹೀರಿ ಬದುಕುತ್ತದೆ, ಯಾಕೆಂದರೆ ಆ ಕಲ್ಲಿನಲ್ಲಿ ಗೊಬ್ಬರ ಇಲ್ಲ. ನೀವು ಗೊಬ್ಬರ ಹಾಕಿದರೆ ಹುಲ್ಲು ಬಂದು ಇದು ಹೋಗುತ್ತದೆ. ಟಿಟ್ಟಿಭ ಬರಿಕಲ್ಲಿನ ಮೇಲೇ ಮೊಟ್ಟೆ ಇಡುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೇಸಿಗೆಯಲ್ಲಿ ಹಕ್ಕಿ ತಲೆಯ ಮೇಲೆ ಕಿರುಚಾಡಿದರೆ ಬಂದ ದಾರಿಗೆ ವಾಪಸ್ ಹೋಗಿ. ನಿಮ್ಮ ಜಿಲ್ಲೆಯ ಹೂವು ಅಂತ ಜಿಲ್ಲಾ ಪಂಚಾಯತು ಆರಿಸಿದ್ದು ಯಾವುದು ಗೊತ್ತಾ? ಗುಲಾಬಿಯೂ ಅಲ್ಲ, ಕಮಲವೂ ಅಲ್ಲ, ಪೆರಿಯದ ಹತ್ತಿರ ಮಳೆಗಾಲದಲ್ಲಿ ಮಾತ್ರ ಹರಿಯುವ ತೋಡಿನಲ್ಲಿ ಸಿಕ್ಕಿದ, 2012ರಲ್ಲಿ ಹೆಸರು ಪಡೆದ ಒಂದು ಬಿಳಿ ಲಿಲ್ಲಿ.

ಪಾರೆಯಲ್ಲಿ ಮಾಡಬೇಕಾದ ಕೆಲಸ ಎರಡೇ. ಬದಿಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ, ಅಕೇಶಿಯಾ ಮೊಳಕೆ ಕಂಡರೆ ಮಳೆಗಾಲದಲ್ಲಿ ಬೇರು ಸಮೇತ ಕೀಳಿ, ಮತ್ತೆ ಅಲ್ಲಿಗೆ ಪ್ಲಾಸ್ಟಿಕ್, ಮನೆ ಕೆಲಸದ ಸಿಮೆಂಟ್ ಕಸ ಸುರಿಯಲಿಕ್ಕೆ ಯಾರನ್ನೂ ಬಿಡಬೇಡಿ. ಅಮ್ಮ ಗಿಡಗಳ ವಿಷಯಕ್ಕೆ ಈ ವರ್ಷ ಒಪ್ಪದಿದ್ದರೆ ಜಗಳ ಬೇಡ, ಪಾರೆಯಿಂದಲೇ ಸುರು ಮಾಡಿ. ಅಡಿಕೆ ಮರಗಳ ಆಚೆ ಇರುವುದರಿಂದ ಅಡುಗೆಮನೆ ಕಿಟಕಿಗೆ ಅದು ಕಾಣುವುದೂ ಇಲ್ಲ.